ತಿಥಿಯೂಟದಲ್ಲಿ ಕಳಚಿದ ಹಲ್ಲು

ನನಗೆ ಹೆದರಿಕೆ ಜಾಸ್ತಿ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಹೇಳಲು ಸುಲಭ. ಶಿರಸಿಯಲ್ಲಿ ನನ್ನದೊಂದು ಮೋಟಾರು ರಿವೈಂಡಿಂಗ್ ಅಂಗಡಿ ಇದೆ. ಸುಟ್ಟುಹೋದ ಪಂಪ್‌ಸೆಟ್ಟು ಬಿಚ್ಚಿ, ಹಳೆಯ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿಕೊಡುವುದು ನನ್ನ ಕಸುಬು. ಕರೆಂಟಿನ ಜೊತೆ ಬದುಕುವವನಿಗೆ ಎಂಥ ಹೆದರಿಕೆ ಎಂದು ಜನ ನಗುತ್ತಾರೆ. ಕರೆಂಟಿಗೆ ನಾನು ಹೆದರುವುದಿಲ್ಲ. ಅದು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ನನಗೆ ಗೊತ್ತು. ನಾನು ಹೆದರುವುದು ನನ್ನದೇ ಮೈಯೊಳಗಿನ ಸಂಗತಿಗಳಿಗೆ. ಅಲ್ಲಿ ಯಾವುದು ಎಲ್ಲಿಗೆ ಹೋಗುತ್ತದೆ ಎನ್ನುವುದು ಇವತ್ತಿಗೂ ನನಗೆ ಸರಿಯಾಗಿ ತಿಳಿಯದು.

ಹಲ್ಲು ಮುರಿದದ್ದು ಅಂಗಡಿಯಲ್ಲೇ. ಎರಡೂ ಕೈ ಕೆಲಸದಲ್ಲಿರುವಾಗ ವೈರಿನ ತುದಿಯ ಪ್ಲಾಸ್ಟಿಕ್ಕನ್ನು ಹಲ್ಲಲ್ಲಿ ಕಚ್ಚಿ ಎಳೆದುಬಿಡುವುದು ನಮ್ಮ ಕಸುಬಿನವರ ಚಾಳಿ. ಅದಕ್ಕೆಂದೇ ಇಕ್ಕಳ ಇದೆ. ಆದರೆ ಇಕ್ಕಳ ಮೇಜಿನ ಆ ತುದಿಯಲ್ಲಿರುತ್ತದೆ, ಹಲ್ಲು ಇಲ್ಲೇ ಇರುತ್ತದೆ. ಹಾಗೆ ಒಂದು ದಿನ ಎಳೆಯುವಾಗ ಬಲಗಡೆಯ ಕೆಳದವಡೆಯಲ್ಲಿ ಟಕ್ ಎಂದಿತು. ಉಗಿದು ನೋಡಿದರೆ ಅಂಗೈಯಲ್ಲಿ ಹಲ್ಲಿನ ಚೂರು. ಅರ್ಧ ಹಲ್ಲೇ ಬಂದಿತ್ತು. ನೋವೇನೂ ಇರಲಿಲ್ಲ. ನೋವಿಲ್ಲದ್ದಕ್ಕೇ ನನಗೆ ಇನ್ನಷ್ಟು ಹೆದರಿಕೆಯಾಯಿತು, ಒಳಗೆ ಏನೋ ಸತ್ತೇ ಹೋಗಿರಬೇಕು ಎಂದು.

ಹಲ್ಲಿನ ಆಸ್ಪತ್ರೆಗೆ ಹೋಗದಿರಲು ನಾನು ಹೂಡಿದ ನೆವಗಳನ್ನೆಲ್ಲ ಹೇಳಿದರೆ ನನ್ನ ಮರ್ಯಾದೆಯೇ ಹೋದೀತು. ಕೊನೆಗೆ ನನ್ನ ಹೆಂಡತಿ ಅಂಗಡಿಗೇ ಬಂದು, ಗಿರಾಕಿಗಳ ಎದುರಿಗೆ, "ನಿಂಗಕ್ಕೆ ಅಷ್ಟು ಹೆದ್ರಿಕೆ ಆದ್ರೆ ಆನು ಕೈ ಹಿಡ್ಕತ್ತೆ, ಬನ್ನಿ" ಎಂದಳು. ಅದಾದ ಮೇಲೆ ಹೋಗದೆ ಗತಿಯಿರಲಿಲ್ಲ.

ಹಲ್ಲಿನ ಬೇರಿನ ಚಿಕಿತ್ಸೆಯನ್ನು, ಅಂದರೆ ರೂಟ್ ಕೆನಾಲನ್ನು, ಅಲ್ಲಿಯ ಡಾಕ್ಟರೇ ಮುಗಿಸಿದರು. ಉಳಿದ ಮೋಟು ಹಲ್ಲಿನ ಮೇಲೆ ಕ್ಯಾಪು ಕೂರಿಸಲು ಬೇರೆಯವರು ಬರಬೇಕಿತ್ತು. ಹಲ್ಲು ಕಟ್ಟುವುದನ್ನೇ ವಿಶೇಷವಾಗಿ ಓದಿದ ಡಾಕ್ಟರಮ್ಮ ಒಬ್ಬರು ವಾರಕ್ಕೊಮ್ಮೆ ಹುಬ್ಬಳ್ಳಿಯಿಂದ ಶಿರಸಿಗೆ ಬರುತ್ತಿದ್ದರು. ಅವರ ಮಾತು ಗಟ್ಟಿ, ಕೈ ಹಗುರ. "ಬರ್ರಿ, ಕೂಡ್ರಿ, ಬಾಯಿ ತಗೀರಿ, ಇಷ್ಟ್ಯಾಕ ಬೆವರಾಕತ್ತೀರಿ?" ಎಂದು ಒಂದೇ ಉಸಿರಿನಲ್ಲಿ ಕೇಳಿದರು. ಬಾಯಿ ತೆರೆದುಕೊಂಡೇ ಉತ್ತರ ಹೇಳಲು ಹೋಗಿ ನಾನು ಆ ಆ ಎಂದೆ. ಅವರು ಮೋಟು ಹಲ್ಲನ್ನು ಸುತ್ತಲೂ ತೇಯ್ದು ಗೂಟದ ಹಾಗೆ ಮಾಡಿದರು. ಆ ಯಂತ್ರದ ಸದ್ದು ನನಗೆ ಹೊಸದಲ್ಲ, ಅಂಗಡಿಯಲ್ಲಿ ದಿನಾ ಕೇಳುವಂಥದೇ. ಅದು ನನ್ನ ತಲೆಯೊಳಗಿನಿಂದ ಕೇಳುವುದು ಮಾತ್ರ ಹೊಸದು. ಕುರ್ಚಿಯ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಏಳುವಾಗ ಬೆರಳು ಬಿಡಿಸಿಕೊಳ್ಳಬೇಕಾಯಿತು. ಆಮೇಲೆ ಮೆತ್ತನೆಯ ಹಿಟ್ಟಿನಂಥದನ್ನು ತುಂಬಿದ ತಟ್ಟೆಯೊಂದನ್ನು ಬಾಯಿಗೆ ಒತ್ತಿ ಅಳತೆ ತೆಗೆದರು. ಅದು ಗಂಟಲಿಗೆ ಇಳಿದೇ ಇಳಿಯುತ್ತದೆ ಎಂದು ನಾನು ಕಣ್ಣುಮುಚ್ಚಿ ಕುಲದೇವರನ್ನು ನೆನೆದೆ. ಇಳಿಯಲಿಲ್ಲ.

ಖಾಯಂ ಕ್ಯಾಪು ತಯಾರಾಗಿ ಬರುವವರೆಗೆ ಇರಲಿ ಎಂದು ಪ್ಲಾಸ್ಟಿಕ್ಕಿನ ತಾತ್ಕಾಲಿಕ ಕ್ಯಾಪೊಂದನ್ನು ಮೇಲೆ ಅಂಟಿಸಿದರು.

"ಇದು ಗಟ್ಟಿ ಅಂಟಲ್ಲ, ಮುಂದ ನಾವೇ ತಗೀಬೇಕಲ್ಲ. ಅಂಟೂ ಪದಾರ್ಥ ತಿನಬ್ಯಾಡ್ರಿ. ಅಕಸ್ಮಾತ್ ಕಳಚಿದರ ಉಗುಳಿ, ತೊಳದು, ಡಬ್ಬ್ಯಾಗ ಹಾಕ್ಕೊಂಡು ಬರ್ರಿ" ಎಂದರು.

"ನುಂಗಿಬಿಟ್ಟರೆ?" ಎಂದು ಕೇಳಿದೆ. ಕೇಳದಿದ್ದರೆ ಅದು ನಾನೇ ಅಲ್ಲ.

"ಹೊಟ್ಟಿಗೆ ಹೋದರ ಚಿಂತಿಲ್ಲ, ಹೊರಗ ಬರತದ. ಉಸಿರಿನ ನಳಿಗೆ ಹೋದರ ತ್ರಾಸು. ಅದಕ್ಕ ಉಗುಳ್ರಿ ಅಂತ ಹೇಳಿದ್ದು."

ಆ ಮಾತು ಕೇಳಿದ ಮೇಲೆ ನಾನು ಗಂಜಿಯನ್ನೂ ಎಡಗಡೆಯಲ್ಲೇ ಅಗಿದೆ. ಮಲಗುವಾಗ ಬಲಮಗ್ಗುಲು ಬಿಟ್ಟೆ. ನಾಲಗೆ ಮಾತ್ರ ಹೇಳಿದ ಮಾತು ಕೇಳುತ್ತಿರಲಿಲ್ಲ, ಹೊತ್ತುಗೊತ್ತಿಲ್ಲದೆ ಹೋಗಿ ಕ್ಯಾಪನ್ನು ಮುಟ್ಟಿ ನೋಡಿ ಬರುತ್ತಿತ್ತು.

ಹೀಗಿರುವಾಗ ಕಾನಸೂರಿನ ಗೆಳೆಯನ ಫೋನು ಬಂತು.

ಈ ಗೆಳೆಯನ ವಿಷಯ ಸ್ವಲ್ಪ ಹೇಳಬೇಕು. ಹೈಸ್ಕೂಲು ಓದುವಾಗ ನಮ್ಮೂರಿಗೆ ಬಸ್ಸಿರಲಿಲ್ಲ. ನಾನು ಕಾನಸೂರಿನಲ್ಲಿ ಅವನ ಮನೆಯಲ್ಲೇ ಇದ್ದು ಓದಿದೆ. ಅವನ ತಾಯಿಯನ್ನು ನಾನೂ ಆಯಿ ಎಂದೇ ಕರೆಯುತ್ತಿದ್ದೆ. ಅವನಿಗೆ ಎಷ್ಟು ಬೈಗುಳವೋ ನನಗೂ ಅಷ್ಟೇ ಬೈಗುಳ, ಅವನಿಗೆ ಎಷ್ಟು ತುಪ್ಪವೋ ನನಗೂ ಅಷ್ಟೇ ತುಪ್ಪ. ಕೊನೆಗಾಲಕ್ಕೆ ಆಯಿಯ ಬಾಯಲ್ಲಿ ಒಂದೂ ಹಲ್ಲಿರಲಿಲ್ಲ. ಹಲ್ಲು ಕಟ್ಟಿಸೋಣ ಎಂದರೆ ಒಪ್ಪಲಿಲ್ಲ. ಕಬ್ಬಿಣದ ಸಣ್ಣ ಕುಟ್ಟಾಣಿಯೊಂದನ್ನು ಪಕ್ಕದಲ್ಲಿಟ್ಟುಕೊಂಡು, ಕವಳದ ಎಲೆಯಡಿಕೆಯಿಂದ ಹಿಡಿದು ಹಬ್ಬದ ಕಜ್ಜಾಯದವರೆಗೆ ಎಲ್ಲವನ್ನೂ ಕುಟ್ಟಿ ಪುಡಿಮಾಡಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಜಗಲಿಗೆ ಕಾಲಿಟ್ಟರೆ ಟಣ್ ಟಣ್ ಸದ್ದು ಕೇಳುತ್ತಿತ್ತು.

"ನಾಡಿದ್ದು ಆಯಿ ತಿಥಿ. ಬ್ರಾಹ್ಮಣಾರ್ಥಕ್ಕೆ ಒಬ್ಬ ಕಡಿಮೆ ಆಜ ಮಾರಾಯ. ಬಪ್ಪವಂಗೆ ಜ್ವರ ಬಂಜಡ. ನೀನು ಬಪ್ಪಲೆ ಆಗ್ತಾ?" ಎಂದ ಗೆಳೆಯ.

ಬ್ರಾಹ್ಮಣಾರ್ಥ ಎಂದರೆ ತಿಥಿಯ ದಿನ ತೀರಿಕೊಂಡವರ ಸ್ಥಾನದಲ್ಲಿ ಕೂತು ಊಟ ಮಾಡುವುದು. ಉಣ್ಣುವುದಷ್ಟೇ ಕೆಲಸ. ಆದರೂ ಈಗ ನಮ್ಮ ಕಡೆ ಅದಕ್ಕೆ ಜನ ಸಿಗುವುದು ಕಷ್ಟವಾಗಿದೆ. ಸಿಗದಿದ್ದರೆ ಆಸನದ ಮೇಲೆ ದರ್ಭೆಯ ಗಂಟೊಂದನ್ನು ಕೂರಿಸಿ, ಅದರ ಎದುರಿಗೇ ಎಲೆ ಹಾಕಿ ಬಡಿಸಿ ಮುಗಿಸುತ್ತಾರೆ. ಹಿಂದಿನ ವರ್ಷ ಅವನಿಗೆ ಹಾಗೇ ಮಾಡಬೇಕಾಗಿ ಬಂದಿತ್ತು. ಊರಿಗೆಲ್ಲ ಬಡಿಸಿದ ಆಯಿಯ ಹೆಸರಿನಲ್ಲಿ ಉಣ್ಣಲು ಒಂದು ಬಾಯಿ ಸಿಗಲಿಲ್ಲವಲ್ಲ ಎಂದು ವರ್ಷವಿಡೀ ಕೊರಗಿದ್ದ.

"ನಂಗೆ ಮಂತ್ರ ಬತ್ತಿಲ್ಲೆ" ಎಂದೆ.

"ಮಂತ್ರಕ್ಕೆ ಪುರೋಹಿತ್ರು ಇದ್ದ. ನೀನು ಉಂಡ್ರೆ ಸಾಕು. ಈ ವರ್ಷನೂ ದರ್ಭೆ ಕೂರ್ಸಲೆ ಮನಸ್ಸಿಲ್ಲೆ."

ಇಲ್ಲ ಎನ್ನಲು ಬಾಯಿ ಬರಲಿಲ್ಲ. ಹೆಂಡತಿಗೆ ಹೇಳಿದರೆ ಅವಳು, "ನಿಂಗಕ್ಕೆ ತಲೆ ನೆಟ್ಟಗಿದ್ದಾ? ಅಲ್ಲಿ ಎಳ್ಳುಂಡೆ ಇರ್ತು, ವಡೆ ಇರ್ತು" ಎಂದಳು. ಎಡಗಡೆ ಅಗಿದರಾಯಿತು ಎಂದೆ. ಇದು ಧೈರ್ಯದ ಮಾತಲ್ಲ. ನಾನು ಹಲ್ಲಿಗಿಂತ ಗೆಳೆಯನ ಮುಖಕ್ಕೆ ಜಾಸ್ತಿ ಹೆದರಿದ್ದೆ, ಅಷ್ಟೆ.

ತಿಥಿಯ ದಿನ ಗೆಳೆಯ ಮಡಿ ಪಂಚೆಯಲ್ಲಿ ಬಂದು ನನ್ನ ಕಾಲು ತೊಳೆದ. ಜೊತೆಯಲ್ಲಿ ಗೋಲಿ ಆಡಿದವನು ಕಾಲು ತೊಳೆಯುವಾಗ ನಗು ಬರಬೇಕಿತ್ತು. ಅವನ ಮುಖ ನೋಡಿ ನಗು ಬರಲಿಲ್ಲ. ಊಟಕ್ಕೆ ಕೂತವನ ಮೈಯಲ್ಲಿ ಆ ಹೊತ್ತು ಪಿತೃಗಳೇ ಇರುತ್ತಾರೆ ಎಂದು ಪುರೋಹಿತರು ಹೇಳಿದರು. ಅವನು ಅದನ್ನು ನಿಜವಾಗಿಯೂ ನಂಬಿದ್ದ. ನನ್ನ ಕಾಲಿಗೆ ನೀರೆರೆಯುವಾಗ ಅವನ ಕಣ್ಣು ತುಂಬಿತ್ತು.

ನಾವು ಉಣ್ಣಲು ಕೂತವರು ಇಬ್ಬರು, ಆಯಿಯ ಸ್ಥಾನದಲ್ಲಿ ನಾನು, ದೇವರ ಸ್ಥಾನದಲ್ಲಿ ಸಿದ್ದಾಪುರ ಕಡೆಯ ಒಬ್ಬ ಹಿರಿಯರು. ಆ ಊಟದ ಕಟ್ಟಳೆ ಬಿಗಿ. ಮಾತಾಡುವಂತಿಲ್ಲ. ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ಕೈಸನ್ನೆಯನ್ನೂ ಮಾಡುವಂತಿಲ್ಲ. ಮಧ್ಯದಲ್ಲಿ ಏಳುವಂತಿಲ್ಲ. ಬಾಯಿಗೆ ಹಾಕಿದ್ದನ್ನು ಉಗಿಯುವಂತಿಲ್ಲ. ವಾಂತಿಯಾದರಂತೂ ಇಡೀ ತಿಥಿಯೇ ಕೆಟ್ಟಿತು, ಮತ್ತೆ ಮೊದಲಿನಿಂದ ಮಾಡಬೇಕು. ಇದೆಲ್ಲ ನನಗೆ ಗೊತ್ತಿದ್ದದ್ದೇ. ಕಳಚಿದರೆ ಉಗುಳಿ ಎಂಬ ಡಾಕ್ಟರಮ್ಮನ ಮಾತೂ ಗೊತ್ತಿತ್ತು. ಈ ಎರಡನ್ನೂ ಒಟ್ಟಿಗೆ ಯೋಚಿಸುವಷ್ಟು ಬುದ್ಧಿ ಮಾತ್ರ ಎಲೆಯ ಮುಂದೆ ಕೂರುವವರೆಗೆ ನನಗೆ ಬಂದಿರಲಿಲ್ಲ.

ಅನ್ನ, ತೊವ್ವೆ, ಪಲ್ಯ ಎಲ್ಲ ಎಡಗಡೆಯಿಂದಲೇ ಸಾಗಿತು. ವಡೆಯನ್ನು ಚೂರುಮಾಡಿ ತಿಂದೆ. ಆಮೇಲೆ ಎಳ್ಳುಂಡೆ ಬಂತು. ಬೆಲ್ಲದ ಪಾಕ ಗಟ್ಟಿಯಾಗಿತ್ತು. ಎಲೆಯಲ್ಲಿ ಬಿಡುವಂತಿಲ್ಲ ಎಂದು ಒಂದು ಚೂರು ಕಚ್ಚಿದೆ. ಅದು ಎಡಗಡೆಯಲ್ಲಿ ಅಂಟಿಕೊಂಡಿತು. ನಾಲಗೆಯಿಂದ ಬಿಡಿಸಲು ಹೋದಾಗ ಜಾರಿ ಬಲಗಡೆಗೆ ಬಂತು. ಮುಂದೇನಾಗುತ್ತದೆ ಎಂದು ಗೊತ್ತಾಗುವಷ್ಟರಲ್ಲಿ ಆಗಿಹೋಗಿತ್ತು. ಕಚ್ಚಿದ ದವಡೆ ಬಿಡಿಸಿದರೆ ಎಳ್ಳುಂಡೆಯ ಜೊತೆ ಕ್ಯಾಪೂ ಮೇಲೆ ಬಂತು.

ಆಗಿನ ನನ್ನ ಸ್ಥಿತಿ ಯಾರಿಗೂ ಬೇಡ. ಎದುರಿಗೆ ಗೆಳೆಯ ಕೈಕಟ್ಟಿ ನಿಂತಿದ್ದಾನೆ. ಪುರೋಹಿತರು ಮಂತ್ರ ಹೇಳುತ್ತಿದ್ದಾರೆ. ನನ್ನ ಬಾಯಲ್ಲಿ ಅನ್ನದ ಜೊತೆ ಅನ್ನವಲ್ಲದ ಒಂದು ವಸ್ತು ಓಡಾಡುತ್ತಿದೆ. ಕೈಹಾಕಿ ತೆಗೆಯುವ ಹಾಗಿಲ್ಲ, ಉಗಿಯುವ ಹಾಗಿಲ್ಲ, ಹೇಳುವ ಹಾಗಿಲ್ಲ. ನಾಲಗೆಯಿಂದ ಅದನ್ನು ಹುಡುಕಿ, ಕೆನ್ನೆಯ ಸಂದಿಗೆ ತಳ್ಳಿ, ಅಲ್ಲೇ ಒತ್ತಿ ಹಿಡಿದೆ. ಕೈತೊಳೆಯುವವರೆಗೆ ಹೀಗೇ ಇಟ್ಟುಕೊಂಡರಾಯಿತು, ಬಚ್ಚಲಿಗೆ ಹೋಗಿ ತೆಗೆದರಾಯಿತು ಎಂದು ಲೆಕ್ಕ ಹಾಕಿದೆ. ಪಾಯಸವನ್ನು ಹೆದರಿ ಹೆದರಿ ಕುಡಿದೆ. ಪ್ರತಿಯೊಂದು ಗುಟುಕಿಗೂ ಕ್ಯಾಪು ಇದೆಯೇ ಎಂದು ನೋಡಿಕೊಂಡೆ. ಇತ್ತು. ಮಜ್ಜಿಗೆಯೂ ಮುಗಿಯಿತು. ಆಗಲೂ ಇತ್ತು.

ನಾನು ಒಂದನ್ನು ಮರೆತಿದ್ದೆ. ಊಟದ ಕೊನೆಗೆ ತಿಥಿ ಮಾಡುವವನು ಕೈಮುಗಿದು, ತೃಪ್ತರಾದಿರೇ ಎಂದು ಸಂಸ್ಕೃತದಲ್ಲಿ ಕೇಳುತ್ತಾನೆ. ಕೂತವರು ಗಟ್ಟಿಯಾಗಿ, ತೃಪ್ತರಾದೆವು ಎಂದು ಹೇಳಬೇಕು. ಇಡೀ ಊಟದಲ್ಲಿ ಅವರು ಆಡುವ ಮಾತು ಅದೊಂದೇ. ಆ ಮಾತು ಬಂದರೇ ತೀರಿಕೊಂಡವರಿಗೆ ಮುಟ್ಟಿತು ಎಂದು ಲೆಕ್ಕ.

ಗೆಳೆಯ ಕೈಮುಗಿದು ಕೇಳಿದ. ಹಿರಿಯರು ಸ್ಪಷ್ಟವಾಗಿ ಉತ್ತರ ಹೇಳಿದರು. ಗೆಳೆಯ ನನ್ನ ಕಡೆ ನೋಡಿದ. ನಾನು ಬಾಯಿ ಮುಚ್ಚಿಕೊಂಡೇ ಹೂಂ ಎಂದೆ. ಪುರೋಹಿತರು, "ಬಾಯಿಬಿಟ್ಟು ಹೇಳವು" ಎಂದರು. ಗೆಳೆಯನ ಮುಖದಲ್ಲಿ ಗಾಬರಿ ಕಂಡಿತು. ಆಯಿಗೆ ತೃಪ್ತಿಯಾಗಲಿಲ್ಲವೇನೋ ಎನ್ನುವ ಗಾಬರಿ. ಅದನ್ನು ನೋಡಲಾಗದೆ ನಾನು ಉಸಿರೆಳೆದುಕೊಂಡು, "ತೃಪ್ತಾಃ ಸ್ಮಃ" ಎಂದೆ.

ಎಂದೆನೋ, ಎನ್ನಲು ಹೊರಟೆನೋ. ಮಾತಿನ ಮಧ್ಯದಲ್ಲಿ ಏನೋ ಗಂಟಲಿಗೆ ಬಡಿಯಿತು. ಕೆಮ್ಮು ಒತ್ತರಿಸಿ ಬಂತು. ಕಣ್ಣಲ್ಲಿ ನೀರು, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು. ವಾಂತಿಯಾಗಬಾರದು, ವಾಂತಿಯಾಗಬಾರದು ಎಂದು ಒಳಗೇ ಹೇಳಿಕೊಳ್ಳುತ್ತ ಹೊಟ್ಟೆ ಒತ್ತಿ ಹಿಡಿದುಕೊಂಡು ಕೆಮ್ಮಿದೆ. ಕೆಮ್ಮು ನಿಂತಾಗ ನಾಲಗೆಯಿಂದ ಕೆನ್ನೆಯ ಸಂದಿಯನ್ನು ಹುಡುಕಿದೆ. ಮೇಲೆ, ಕೆಳಗೆ, ನಾಲಗೆಯ ಅಡಿ, ಎಲ್ಲ ಕಡೆ ಹುಡುಕಿದೆ. ಕ್ಯಾಪು ಇರಲಿಲ್ಲ.

"ನೆತ್ತಿಗೆ ಹತ್ತಿತು. ಆಯಿ ನೆನಪು ಮಾಡ್ಕಂಜು ಕಾಣ್ತು" ಎಂದ ಗೆಳೆಯ. ಅವನ ಮುಖ ಅರಳಿತ್ತು. ಊಟ ನೆತ್ತಿಗೆ ಹತ್ತಿದರೆ ಯಾರೋ ನೆನೆಸಿಕೊಂಡರು ಎನ್ನುವುದು ವಾಡಿಕೆಯ ಮಾತು. ತೀರಿಕೊಂಡವರು ನೆನೆಸಿಕೊಂಡರೆ ಅದರ ಅರ್ಥ ಏನು ಎಂದು ನನ್ನ ತಲೆ ತನ್ನಷ್ಟಕ್ಕೆ ಯೋಚಿಸತೊಡಗಿತು.

ಉಸಿರಾಡಲು ಆಗುತ್ತಿತ್ತು. ಆದರೆ ಪ್ರತಿ ಉಸಿರಿನ ಕೊನೆಗೆ ಬಲ ಎದೆಯಲ್ಲಿ ಸಣ್ಣದೊಂದು ಸಿಳ್ಳೆಯಂಥ ಸದ್ದು. ಹೊರಗಿನವರಿಗೆ ಕೇಳುವಂಥದಲ್ಲ, ನನಗೆ ಕೇಳುತ್ತಿತ್ತು. ಪಂಪ್‌ಸೆಟ್ಟಿನಲ್ಲಿ ನೀರೊಳಗಿನ ಪೈಪಿನ ತುದಿಯ ಫುಟ್‌ವಾಲ್ವಿಗೆ ಕಸ ಸಿಕ್ಕಿಕೊಂಡಾಗ ಹೀಗೇ ಆಗುತ್ತದೆ. ನೀರು ಬರುತ್ತದೆ, ಆದರೆ ಎಳೆದಾಟದ ಸದ್ದಿನೊಂದಿಗೆ ಬರುತ್ತದೆ. ವಾಲ್ವಾದರೆ ಕೆರೆಯಿಂದ ಪೈಪು ಎತ್ತಿ ಬಿಚ್ಚಬಹುದು.

ಅಕ್ಷತೆ ಹಾಕಿ ಆಶೀರ್ವಾದ ಮಾಡುವವರೆಗೆ ನಾನು ಬಾಯಿಬಿಡಲಿಲ್ಲ. ಜಗಲಿಗೆ ಬಂದು ಕಂಬಕ್ಕೊರಗಿ ಕೂತೆ. ಕಂಬದ ಬುಡದಲ್ಲಿ ಆಯಿಯ ಕುಟ್ಟಾಣಿ ಇತ್ತು, ಧೂಳು ಹಿಡಿದಿತ್ತು. ಗೆಳೆಯ ಕವಳದ ಹರಿವಾಣ ತಂದು ಮುಂದಿಟ್ಟು, "ಹೋದ ವರ್ಷದ್ದೂ ಸೇರಿ ಮುಟ್ಟಿತು ಮಾರಾಯ. ಇವತ್ತು ನಂಗೆ ನಿದ್ದೆ ಬತ್ತು" ಎಂದ. ನಾನು ಹರಿವಾಣವನ್ನು ಪಕ್ಕಕ್ಕೆ ಸರಿಸಿದೆ. ನಾನು ಕವಳ ಬೇಡವೆಂದದ್ದನ್ನು ಅವನು ಎಂದೂ ನೋಡಿದವನಲ್ಲ.

"ಎಂತ ಆತು?" ಎಂದ.

"ಹಲ್ಲಿನ ಕ್ಯಾಪು ಒಳಗೆ ಹೋತು."

"ಹೊಟ್ಟೆಗಾ?"

"ಗೊತ್ತಿಲ್ಲೆ. ಎದೆಯಲ್ಲಿ ಸದ್ದು ಬತ್ತಾ ಇದ್ದು." ಸಾಯುತ್ತೇನೆ ಎಂದು ನನಗೆ ನಿಜವಾಗಿಯೂ ಅನ್ನಿಸಿತ್ತು.

ಅವನು ನನ್ನ ಎದೆಗೆ ಕಿವಿಯಿಟ್ಟ. ಮಡಿ, ಮೈಲಿಗೆ ಯಾವುದೂ ಅವನ ನೆನಪಿಗೆ ಬಂದಂತೆ ಕಾಣಲಿಲ್ಲ. ಕಿವಿಯೆತ್ತಿದವನೇ, "ಏಳು, ಹೋಪನ" ಎಂದ.

"ನಿಂದು ಊಟ ಆಜಿಲ್ಲೆ." ತಿಥಿ ಮಾಡಿದವನು ಉಣ್ಣುವುದು ಎಲ್ಲರದ್ದೂ ಆದ ಮೇಲೆ. ಆ ದಿನ ಅವನು ಹೊರಗೆ ಏನನ್ನೂ ಮುಟ್ಟುವಂತಿಲ್ಲ.

"ಊಟ ಎಲ್ಲಿಗೆ ಹೋಗ್ತು? ಏಳು ಮಾರಾಯ."

ನನ್ನ ಪಕ್ಕದಲ್ಲಿ ಉಂಡ ಹಿರಿಯರು ಒಳಗಿನಿಂದ ಬಂದು, ಬ್ರಾಹ್ಮಣಾರ್ಥಕ್ಕೆ ಕೂತವನು ಆ ದಿನ ಪ್ರಯಾಣ ಮಾಡಬಾರದು ಎಂದು ನೆನಪು ಮಾಡಿದರು. ಗೆಳೆಯ ವಿಷಯ ಹೇಳಿದ. ಅವರು ನನ್ನ ಮುಖವನ್ನೊಮ್ಮೆ ನೋಡಿ, ಅಂಗಳದಲ್ಲಿದ್ದ ಗೆಳೆಯನ ಕಾರಿನ ಬಾಗಿಲನ್ನು ತಾವೇ ತೆಗೆದು, ತುಟಿಗೆ ಬೆರಳಿಟ್ಟು, "ಮಾತಾಡಡ, ನೆಟ್ಟಗೆ ಕೂತ್ಗ" ಎಂದರು.

ಕಾನಸೂರಿನಿಂದ ಶಿರಸಿಗೆ ದೂರವೇನಲ್ಲ. ಆ ದಿನ ದೂರವಾಗಿತ್ತು. ಗೆಳೆಯ ಮಡಿ ಪಂಚೆಯಲ್ಲೇ ಕಾರು ಓಡಿಸುತ್ತಿದ್ದ. ಪ್ರತಿ ತಿರುವಿನಲ್ಲೂ ಒಳಗಿನ ಕ್ಯಾಪು ಇನ್ನೊಂದಿಷ್ಟು ಆಳಕ್ಕೆ ಜಾರುತ್ತದೆ ಎಂದು ನನಗೆ ಭ್ರಮೆ. ಉಸಿರನ್ನು ಚೂರು ಚೂರೇ ಎಳೆದುಕೊಳ್ಳುತ್ತಿದ್ದೆ.

ಆಸ್ಪತ್ರೆಯಲ್ಲಿ ಎದೆಯ ಎಕ್ಸ್‌ರೇ ತೆಗೆದರು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ನೋಡಿ, ಏನೂ ಕಾಣುವುದಿಲ್ಲ, ಹೊಟ್ಟೆಗೆ ಹೋಗಿರಬೇಕು ಎಂದರು. ನಾನು ಆ ಡಾಕ್ಟರಿಗೆ ಕೈಮುಗಿದೆ. ಗೆಳೆಯ ಗೋಡೆಗೊರಗಿ ನಕ್ಕ. ಕ್ಯಾಪು ಕಳಚಿದ್ದನ್ನು ಹಲ್ಲಿನ ಡಾಕ್ಟರಮ್ಮನಿಗೂ ಹೇಳಬೇಕಲ್ಲ ಎಂದು ಹುಬ್ಬಳ್ಳಿಗೆ ಫೋನು ಮಾಡಿದೆ. ಎಕ್ಸ್‌ರೇಯಲ್ಲಿ ಏನೂ ಇಲ್ಲ ಎಂದು ಸಂತೋಷದಿಂದಲೇ ಹೇಳಿದೆ.

ಡಾಕ್ಟರಮ್ಮ, "ಅದು ಪ್ಲಾಸ್ಟಿಕ್ ರೀ. ಎಕ್ಸ್‌ರೇದಾಗ ಕಾಣೂದಿಲ್ಲ. ಕಾಣಲಿಲ್ಲ ಅಂದ್ರ ಇಲ್ಲ ಅಂತಲ್ಲ. ಅಲ್ಲಿ ಡಾಕ್ಟರಿಗೆ ಫೋನ್ ಕೊಡ್ರಿ" ಎಂದರು.

ನಾನು ಡಾಕ್ಟರಿಗೆ ಫೋನು ಕೊಟ್ಟೆ. ಅವರಿಬ್ಬರೂ ಮಾತಾಡಿದರು. ಡಾಕ್ಟರು ಮತ್ತೆ ನನ್ನ ಬೆನ್ನಿಗೆ ಸ್ಟೆತಾಸ್ಕೋಪು ಹಚ್ಚಿ, ಎಡಗಡೆ, ಬಲಗಡೆ, ಮತ್ತೆ ಬಲಗಡೆ ಕೇಳಿದರು. ಬಲಗಡೆಯೇ ಹೆಚ್ಚು ಹೊತ್ತು ಕೇಳಿದರು. ಹುಬ್ಬಳ್ಳಿಗೆ ಹೋಗಿಬಿಡಿ, ಅಲ್ಲಿ ನಳಿಗೆಯೊಳಗೆ ಕ್ಯಾಮೆರಾ ಇಳಿಸಿ ನೋಡುತ್ತಾರೆ, ಇವತ್ತೇ ಹೋಗಿ ಎಂದರು. ದಾರಿಗೆಂದು ಆಂಬುಲೆನ್ಸು ಕೊಟ್ಟರು. ಆ ದಿನ ಅಂಗಡಿ ನೋಡಿಕೊಳ್ಳುತ್ತಿದ್ದ ಹೆಂಡತಿ ಅಲ್ಲಿಂದಲೇ ಓಡಿಬಂದಳು. ಎಷ್ಟು ಬೈಯಬೇಕಿತ್ತೋ ಅಷ್ಟನ್ನೂ ನುಂಗಿಕೊಂಡು, ಬರೀ ನನ್ನ ಕೈ ಹಿಡಿದುಕೊಂಡಳು. ಅವಳು ಬೈದಿದ್ದರೆ ನನಗೆ ಎಷ್ಟೋ ಧೈರ್ಯ ಬರುತ್ತಿತ್ತು.

ಯಲ್ಲಾಪುರದ ಮೇಲೆ ಹೋದೆವು. ಗೆಳೆಯ ಡ್ರೈವರಿನ ಪಕ್ಕ ಕೂತಿದ್ದ. ಯಲ್ಲಾಪುರದಲ್ಲಿ ಡ್ರೈವರು ಚಾ ಕುಡಿಯಲು ಅವನನ್ನೂ ಕರೆದ. ಅವನು ನಿಂತ ಕಡೆಯಿಂದಲೇ ಬೇಡವೆಂದು ತಲೆಯಾಡಿಸಿದ. ಬೆಳಗಿನಿಂದ ಅವನ ಹೊಟ್ಟೆಗೆ ನೀರು ಬಿಟ್ಟು ಬೇರೇನೂ ಹೋಗಿರಲಿಲ್ಲ.

ಹುಬ್ಬಳ್ಳಿಯಲ್ಲಿ ಸ್ಕ್ಯಾನು ಮಾಡಿದರು. ಅದರಲ್ಲಿ ಕಂಡಿತು. ಬಲಗಡೆಯ ಶ್ವಾಸನಾಳದಲ್ಲಿ, ಕೆಳಕ್ಕೆ ಹೋಗುವ ಕವಲಿನಲ್ಲಿ ಕೂತಿತ್ತು. ಅರಿವಳಿಕೆ ಕೊಡುವ ಡಾಕ್ಟರು ಬಂದು, "ಊಟ ಯಾವಾಗ ಮಾಡೀರಿ? ಏನೇನ್ ತಿಂದೀರಿ?" ಎಂದು ಕೇಳಿದರು. ನಾನು ಮಾತಾಡದಿರಲಿ ಎಂದು ಗೆಳೆಯನೇ ವಡೆ, ಪಾಯಸ, ಎಳ್ಳುಂಡೆ ಎಂದು ಬಡಿಸಿದ ಕ್ರಮದಲ್ಲೇ ಹೇಳಿದ.

"ಏನ್ ಮದುವಿ ಇತ್ತೇನ್ರೀ?"

"ಅಲ್ಲ, ತಿಥಿ" ಎಂದ ಗೆಳೆಯ. ಪಕ್ಕದ ಹಾಸಿಗೆಯವರೂ ತಿರುಗಿ ನೋಡಿದರು.

ಹೊಟ್ಟೆ ಖಾಲಿಯಾಗದೆ ಅರಿವಳಿಕೆ ಕೊಡುವಂತಿಲ್ಲ, ಉಸಿರಾಟ ಸದ್ಯಕ್ಕೆ ಪರವಾಗಿಲ್ಲ, ಬೆಳಿಗ್ಗೆ ಮೊದಲು ಇದನ್ನೇ ಮಾಡುತ್ತೇವೆ, ಅಲ್ಲಿಯವರೆಗೆ ಏನೂ ತಿನ್ನಬೇಡಿ ಎಂದು ಹೇಳಿ ಹೋದರು. ಬ್ರಾಹ್ಮಣಾರ್ಥಕ್ಕೆ ಕೂತವನೂ ಆ ರಾತ್ರಿ ಏನೂ ತಿನ್ನಬಾರದು. ಎರಡು ಕಡೆಯ ಕಟ್ಟಳೆಯೂ ಒಂದೇ ಆಯಿತು ಎಂದು ಹೇಳಿ ಗೆಳೆಯ ನನ್ನನ್ನು ನಗಿಸಲು ನೋಡಿದ. ನಗಲು ಹೋದರೆ ಕೆಮ್ಮು ಬರುತ್ತಿತ್ತು. ನಿದ್ದೆ ಮಾಡಲಿಲ್ಲ. ನಿದ್ದೆಯಲ್ಲಿ ಉಸಿರೆಳೆದುಕೊಳ್ಳಲು ಮರೆತರೆ ಎನ್ನುವ ಭಯ. ಮೈಯಲ್ಲಿ ಪಿತೃಗಳು ಇರುತ್ತಾರೆ ಎಂದಿದ್ದರಲ್ಲ, ಹಾಗಾದರೆ ಆಯಿ ಈಗ ನನ್ನೊಳಗೇ ಎಲ್ಲೋ ಇರಬೇಕು, ಆ ಕ್ಯಾಪನ್ನು ಅಲ್ಲಿಯೇ ಒತ್ತಿ ಹಿಡಿದುಕೊಂಡಿರು ಆಯಿ, ಕೆಳಗೆ ಬಿಡಬೇಡ ಎಂದು ಬೇಡಿಕೊಂಡೆ. ದೇವರನ್ನು ಕೇಳುವುದಕ್ಕಿಂತ ಅವಳನ್ನು ಕೇಳುವುದು ಸುಲಭ ಎನಿಸಿತು. ಕೇಳಿದ್ದನ್ನು ಅವಳು ಇಲ್ಲ ಎಂದವಳಲ್ಲ.

ಬೆಳಿಗ್ಗೆ ಅರಿವಳಿಕೆಯಿಂದ ಎಚ್ಚರವಾದಾಗ ಗಂಟಲು ಕೆರೆದಂತೆ ಉರಿಯುತ್ತಿತ್ತು. ಮೊದಲು ಉಸಿರೆಳೆದು ನೋಡಿದೆ. ಸದ್ದಿರಲಿಲ್ಲ. ಇನ್ನೊಮ್ಮೆ ಆಳವಾಗಿ ಎಳೆದೆ. ಕೊನೆಯವರೆಗೂ ಹೋಯಿತು. ಅಳು ಬಂತು, ಅತ್ತೆ. ಡಾಕ್ಟರು ಸಣ್ಣ ಡಬ್ಬಿಯೊಂದನ್ನು ತಂದು ತೋರಿಸಿದರು. ಅದರಲ್ಲಿ ನನ್ನ ಕ್ಯಾಪು ಬೋರಲಾಗಿ ಬಿದ್ದಿತ್ತು. ಗೆಳೆಯ ಡಬ್ಬಿಯನ್ನು ಅಲುಗಿಸಿದ. ಕ್ಯಾಪು ಮಗುಚಿಕೊಂಡಾಗ ಅದರ ಹೊಟ್ಟೆಯಲ್ಲಿ ಒಂದು ಎಳ್ಳುಕಾಳು ಅಂಟಿದ್ದು ಕಂಡಿತು.

ಅದನ್ನು ನೋಡಿ ಅವನು ಕುಸಿದು ಕೂತ. "ಹೋದ ವರ್ಷ ದರ್ಭೆ ಕೂರ್ಸಿದ್ದೇ ಚೊಲೋ ಇತ್ತು. ಅದಕ್ಕೆ ಹಲ್ಲಿಲ್ಲೆ, ಉಸಿರಿಲ್ಲೆ" ಎಂದ. ಆಮೇಲೆ, "ನಿಂಗೆ ಎಂತಾದ್ರೂ ಆಗಿದ್ರೆ ಆಯಿಗೆ ಎಂತ ಹೇಳ್ತಿದ್ದೆ ಆನು?" ಎಂದು ಪಂಚೆಯ ತುದಿಯಲ್ಲಿ ಮುಖ ಮುಚ್ಚಿಕೊಂಡ. ತಿಥಿ ಸರಿಯಾಯಿತೋ ಕೆಟ್ಟಿತೋ ಎಂದು ಪುರೋಹಿತರನ್ನು ಕೇಳಿದೆಯಾ ಎಂದು ನಾನು ಗೊಗ್ಗರು ದನಿಯಲ್ಲಿ ಕೇಳಿದೆ. ಕೇಳಲಿಲ್ಲ, ಕೇಳುವುದೂ ಇಲ್ಲ ಎಂದ. ಹೆಂಡತಿ ಅವನನ್ನು ಬಲವಂತವಾಗಿ ಕೆಳಗೆ ಕರೆದುಕೊಂಡು ಹೋಗಿ ಊಟ ಮಾಡಿಸಿಕೊಂಡು ಬಂದಳು.

ಖಾಯಂ ಕ್ಯಾಪು ಕೂರಿಸುವ ದಿನ ಡಾಕ್ಟರಮ್ಮ, "ಉಗುಳ್ರಿ ಅಂತ ಹೇಳಿದ್ದೆ, ಯಾಕ ಉಗುಳಲಿಲ್ಲ?" ಎಂದು ಗದರಿದರು. ತಿಥಿ, ಮೌನ, ತೃಪ್ತಿ ಎಂದು ವಿವರಿಸಲು ಹೊರಟೆ. ಅರ್ಧದಲ್ಲಿ ಅವರು ಬಾಯಿ ತೆಗೆಸಿದರು. ಈ ಸಲ ಹಾಕಿದ್ದು ಗಟ್ಟಿ ಅಂಟು, ಕಳಚುವ ಮಾತಿಲ್ಲ ಎಂದರು. ನನ್ನ ನಾಲಗೆ ಅದನ್ನು ನಂಬಿಲ್ಲ. ಈಗಲೂ ಹೋಗಿ ಮುಟ್ಟಿ ಬರುತ್ತದೆ. ವೈರಿಗೆ ಮಾತ್ರ ಇಕ್ಕಳವನ್ನೇ ಹಿಡಿಯುತ್ತೇನೆ.

ಮುಂದಿನ ವರ್ಷ ತಿಥಿ ಹತ್ತಿರ ಬಂದಾಗ ಗೆಳೆಯ ಫೋನು ಮಾಡಲಿಲ್ಲ. ದರ್ಭೆ ಕೂರಿಸುತ್ತಾನಂತೆ ಎಂದು ಬೇರೆಯವರಿಂದ ತಿಳಿಯಿತು. ಎರಡು ದಿನ ಸುಮ್ಮನಿದ್ದೆ. ಹೆದರಿಕೆ ಹೋಗಿರಲಿಲ್ಲ. ಮೂರನೆಯ ದಿನ ನಾನೇ ಫೋನು ಮಾಡಿ, "ಆನು ಬತ್ತೆ" ಎಂದೆ. ಅವನು ಬೇಡ ಎಂದ. ಬರುತ್ತೇನೆ ಎಂದು ಇಟ್ಟುಬಿಟ್ಟೆ.

ಹೋದಾಗ ಬಾವಿಕಟ್ಟೆಯ ಮೇಲೆ ಆಯಿಯ ಕುಟ್ಟಾಣಿಯನ್ನು ಬೋರಲು ಹಾಕಿದ್ದರು. ತಿಕ್ಕಿ ತಿಕ್ಕಿ ತೊಳೆದದ್ದು, ಪಕ್ಕದಲ್ಲಿ ಹುಣಸೆಹಣ್ಣಿನ ಹಿಪ್ಪೆ ಬಿದ್ದಿತ್ತು. ಇದನ್ನು ಯಾಕೆ ತೊಳೆದಿದ್ದಾರೆ ಎಂದು ಅಂದುಕೊಂಡು ಮುಂದೆ ಹೋದೆ.

ಎಲೆಯ ಮುಂದೆ ಕೂತ ಮೇಲೆ ತಿಳಿಯಿತು. ಪಕ್ಕದ ಹಿರಿಯರ ಎಲೆಗೆ ಎಳ್ಳುಂಡೆ ಬಿತ್ತು. ನನ್ನ ಎಲೆಗೆ ಬಿದ್ದದ್ದು ಎಳ್ಳು ಬೆಲ್ಲದ ಪುಡಿ. ವಡೆಯೂ ಪುಡಿಯಾಗಿತ್ತು. ನಾನು ತಲೆಯೆತ್ತಿ ಗೆಳೆಯನನ್ನು ನೋಡಿದೆ. ಅವನು ಬೇರೆ ಕಡೆ ನೋಡಿದ. ಮಾತಾಡುವಂತಿರಲಿಲ್ಲ, ಒಳ್ಳೆಯದೇ ಆಯಿತು. ಮಾತಾಡಿದ್ದರೆ ಅತ್ತುಬಿಡುತ್ತಿದ್ದೆ. ಪುಡಿಯನ್ನು ಬೆರಳಲ್ಲಿ ಒತ್ತಿ ಒತ್ತಿ ಒಂದು ಕಾಳೂ ಬಿಡದೆ ತಿಂದೆ.

ಊಟ ಮುಗಿಯಿತು. ಗೆಳೆಯ ಎದುರಿಗೆ ಬಂದು ಕೈಮುಗಿದು ನಿಂತ. ಆದರೆ ಕೇಳಬೇಕಾದ ಮಾತನ್ನು ಕೇಳಲಿಲ್ಲ. ನನ್ನ ಬಾಯಿಯನ್ನೇ ನೋಡುತ್ತಿದ್ದ. ಪುರೋಹಿತರು ಮಂತ್ರವನ್ನು ಎರಡನೆಯ ಸಲ ಎತ್ತಿಕೊಟ್ಟರು. ನಾನು ನಾಲಗೆಯಿಂದ ಹಲ್ಲನ್ನು ಮುಟ್ಟಿ ನೋಡಿಕೊಂಡೆ, ಅಲ್ಲಾಡದೆ ಕೂತಿತ್ತು. ಆಮೇಲೆ ಡಾಕ್ಟರಮ್ಮನ ಕುರ್ಚಿಯಲ್ಲಿ ತೆರೆಯುವ ಹಾಗೆ ಬಾಯಿಯನ್ನು ಪೂರ್ತಿ ತೆರೆದು, ನಾಲಗೆಯೆತ್ತಿ, ಆ ಕೆನ್ನೆ ಈ ಕೆನ್ನೆ ಎಲ್ಲ ಅವನಿಗೆ ತೋರಿಸಿದೆ.

ಆಗ ಅವನು ಕೇಳಿದ. ನಾನು ಉತ್ತರ ಹೇಳಿದೆ, ಅಡುಗೆಮನೆಗೂ ಕೇಳುವಷ್ಟು ಗಟ್ಟಿಯಾಗಿ. ಹೇಳಿ ಮುಗಿದ ಮೇಲೂ ಅವನು ಸ್ವಲ್ಪ ಹೊತ್ತು ಅಲ್ಲೇ ಬಾಗಿಕೊಂಡು, ನನ್ನ ಉಸಿರನ್ನೇ ಕೇಳುತ್ತ ನಿಂತಿದ್ದ.